ಕಂಬಳಿ ಕಟ್ಟಿದ ಸ್ಟುಡಿಯೊ

ಕಳೆದ ವಾರ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಮಳೆ ನಿಲ್ಲಲೆಂದು ಕಾಯುತ್ತಿದ್ದೆ. ಕುರಿ ಕಾಯುವವನೊಬ್ಬ ಒಳಗೆ ಓಡಿಬಂದು, ತಲೆಯ ಮೇಲಿನ ಕಂಬಳಿ ಕೊಪ್ಪೆ ಬಿಚ್ಚಿ ನನ್ನ ಪಕ್ಕದಲ್ಲೇ ಜೋರಾಗಿ ಕೊಡವಿದ. ಸುತ್ತ ನಿಂತವರು ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನು ಸರಿಯಲಿಲ್ಲ. ಒದ್ದೆ ಉಣ್ಣೆಯ ವಾಸನೆ, ಅದರ ಜೊತೆಗೆ ಕಂಬಳಿಗೆ ಬಿಗಿ ಬರಲಿ ಎಂದು ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ನನ್ನ ಮಟ್ಟಿಗೆ ಅದು ಒಂದು ಸ್ಟುಡಿಯೊದ ವಾಸನೆ. ಹೇಳಿದರೆ ಯಾರೂ ನಂಬುವುದಿಲ್ಲ.

ಬೀರೇಶನ ರಾಕ್ ಆಲ್ಬಮ್ ಕೇಳಿದ ಹುಡುಗರು ಎಲ್ಲೆಲ್ಲಿಂದಲೋ ಅವನಿಗೆ ಮೆಸೇಜು ಹಾಕುತ್ತಾರೆ. ಗಿಟಾರ್ ಯಾವ ಕಂಪನಿಯದು, ಆಂಪ್ಲಿಫೈಯರ್ ಯಾವುದು, ಬಟ್ಟೆ ಹರಿದ ಹಾಗಿರುವ ಆ ಸೌಂಡು ಹೇಗೆ ಬಂತು, ಹೆಸರು ಹೇಳಿದರೆ ನಾವೂ ತರಿಸಿಕೊಳ್ಳುತ್ತೇವೆ ಸಾರ್. ಅವನು ಒಂದಕ್ಕೂ ಉತ್ತರ ಬರೆಯದೆ ಎಲ್ಲವನ್ನೂ ನನಗೆ ತಳ್ಳುತ್ತಾನೆ. ನಾನು ಸೊರಬದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ಗೃಹಪ್ರವೇಶ, ಪಕ್ಷದ ಸಭೆ, ಯಾರು ಕರೆದರೂ ಹಾರ್ನ್ ಸ್ಪೀಕರ್ ಕಟ್ಟುವವನು. ತರಿಸಿಕೊಳ್ಳುವುದಕ್ಕೆ ಆ ಸೌಂಡು ಅಂಗಡಿಯಲ್ಲಿ ಸಿಗುವ ಮಾಲಲ್ಲ, ಅದರಲ್ಲಿ ಅರ್ಧ ನಮ್ಮಪ್ಪನದು, ಅರ್ಧ ಅವನಪ್ಪನದು ಎಂದು ಬರೆದರೆ ಆ ಹುಡುಗರು ಏನೆಂದುಕೊಂಡಾರು? ಅದಕ್ಕೇ ನಾನೂ ಸುಮ್ಮನಿದ್ದೇನೆ.

ಬೀರೇಶ ನನಗೆ ಸಿಕ್ಕಿದ್ದು ಜಡೆ ಎಂಬ ಊರಿನಲ್ಲಿ, ಒಂದು ಗಣಪತಿ ಪೆಂಡಾಲಿನಲ್ಲಿ. ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸಲು ಬಂದಿದ್ದ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅವರ ಆಂಪ್ಲಿಫೈಯರ್ ಸುಟ್ಟುಹೋಯಿತು. ನನ್ನ ಗಾಡಿಯ ಮೂಲೆಯಲ್ಲಿ ನಮ್ಮಪ್ಪನ ಕಾಲದ ವಾಲ್ವ್ ಆಂಪ್ಲಿಫೈಯರ್ ಇತ್ತು. ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ; ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾದಮೇಲಷ್ಟೇ ಮಾತಾಡುವಂಥದು. ಅಪ್ಪ ಅದರಲ್ಲಿ ಬಯಲಾಟ ನಡೆಸಿದ್ದ, ನಾಟಕ ನಡೆಸಿದ್ದ. ಬೇರೆ ದಾರಿಯಿಲ್ಲದೆ ಬೀರೇಶನ ಗಿಟಾರಿನ ವೈರನ್ನು ಅದಕ್ಕೇ ಚುಚ್ಚಿದೆ. ಅವನು ಒಂದು ತಂತಿ ಮೀಟಿದ್ದೇ ತಡ, ಮುಂದೆ ಕೂತ ಹೆಂಗಸರು ಕಿವಿ ಮುಚ್ಚಿಕೊಂಡರು. ಸಮಿತಿಯವರು ನನ್ನನ್ನು ಬೈಯಲು ಎದ್ದುಬಂದರು. ಬೀರೇಶ ಮಾತ್ರ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

“ಇದಾ ಅಣ್ಣ, ಇದಾ. ಇಷ್ಟು ವರ್ಷ ನಾ ಹುಡುಕಿದ್ದು ಇದನ್ನಾ.”

“ಎಂತ ಮಾರಾಯ, ಗಂಟಲು ಕಟ್ಟಿದ ಪೆಟ್ಟಿಗೆ ಅದು. ಗುಜರಿಗೂ ಬೇಡ,” ಎಂದೆ.

“ಗಂಟಲು ಕಟ್ಟಿದ್ದಾ ಬೇಕಾಗಿತ್ತು ನಂಗ.”

ಹಾಗೆ ಆ ಪೆಟ್ಟಿಗೆ ಸೊರಬ ಬಿಟ್ಟು ಶಿಕಾರಿಪುರ ತಾಲ್ಲೂಕಿಗೆ ಹೋಯಿತು. ತಾಳಗುಂದದಿಂದ ಆಚೆ, ಮೆಕ್ಕೆಜೋಳದ ಹೊಲಗಳ ನಡುವೆ, ಕುರಿ ಸಾಕುವವರ ಒಂದು ಸಣ್ಣ ಹಟ್ಟಿ ಅವನ ಊರು. ತಂದೆ ಹಾಲಪ್ಪ, ತಾಯಿ ಗಂಗವ್ವ, ಪಕ್ಕದ ಊರಿಗೇ ಮದುವೆಯಾಗಿ ಹೋದ ಅಕ್ಕ ರತ್ನ. ಅವನ ಆ ಕಪ್ಪು ಎಲೆಕ್ಟ್ರಿಕ್ ಗಿಟಾರು ಶಿವಮೊಗ್ಗದಲ್ಲಿ ಚರ್ಚಿನ ಹಾಡುಗಳಿಗೆ ನುಡಿಸುತ್ತಿದ್ದ ಹಿರಿಯರೊಬ್ಬರಿಂದ ಕೊಂಡದ್ದು. ಕಂಪನಿಯ ಹೆಸರು ಅಳಿಸಿಹೋಗಿತ್ತು. ಗಂಗವ್ವ ಆಯುಧಪೂಜೆಗೆ ಇಟ್ಟ ಕುಂಕುಮ ಅದರ ಕುತ್ತಿಗೆಯ ಮೇಲೆ ಹಾಗೇ ಕೂತಿತ್ತು.

ಮರುವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಬೀರೇಶ ನನ್ನ ಅಂಗಡಿಗೆ ಬಂದ. ನನ್ನ ಎಡಗಡೆ ಕೂತವನು ಎದ್ದು ಬಲಗಡೆಗೆ ಬಂದು ಕೂತ. ಆಮೇಲೆ ಹೇಳಿದ: ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಹೋಗುತ್ತಿದೆ. ಕಿವಿಯ ಡಾಕ್ಟರು ನರ ಸೋತಿದೆ ಎಂದಿದ್ದರು. ನಿಲ್ಲಿಸುವ ಮದ್ದಿಲ್ಲ, ಎಷ್ಟು ದಿನ ಉಳಿದೀತು ಎಂದು ಹೇಳಲಾಗದು, ಗದ್ದಲದಿಂದ ದೂರ ಇರು ಎಂದಿದ್ದರು.

“ಬೇರೆಯವರ ಹಾಡು ಬಾರಿಸಿ ಬಾರಿಸಿ ಕಿವಿ ಕಳಕೊಂಡೆ ಅಣ್ಣ. ನಂದಾ ಅನ್ನೋ ಹಾಡು ಒಂದೂ ಇಲ್ಲ. ಉಳಿದಿದ್ದರಾಗ ಒಂದು ಆಲ್ಬಮ್ ಮಾಡ್ತೀನಿ. ಮಿಕ್ಸಿಂಗೂ ನಾನಾ ಮಾಡಬೇಕು. ನನ್ನ ಕಿವ್ಯಾಗ ಹೆಂಗ ಕೇಳ್ತೈತೋ ಹಂಗಾ ಬರಬೇಕು.”

ಮಿಕ್ಸಿಂಗ್ ಎಂದರೆ ಬೇರೆಬೇರೆಯಾಗಿ ಹಿಡಿದ ಗಿಟಾರು, ಹಾಡು, ತಾಳ ಎಲ್ಲವನ್ನೂ ಹದವಾಗಿ ಬೆರೆಸುವ ಕೆಲಸ. ಅಡುಗೆಗೆ ಉಪ್ಪು ಹಾಕುವುದು ಎನ್ನಿ. ನಾಲಗೆಯ ರುಚಿ ಸತ್ತವನು ಮಾಡಲಾಗದು. ಹಾಗಾಗಿ ಅವಸರವಿತ್ತು. ನಾನು ಮೈಕು, ಸ್ಟ್ಯಾಂಡು, ಹೆಡ್‌ಫೋನು ಕೊಟ್ಟೆ. ಅವನು ಒಂದು ಕಂಪ್ಯೂಟರು, ಮೈಕಿನ ದನಿಯನ್ನು ಅದರೊಳಗೆ ಇಳಿಸುವ ಒಂದು ಸಣ್ಣ ಪೆಟ್ಟಿಗೆ, ಒಂದು ಬೇಸ್ ಗಿಟಾರು ಹೊಂದಿಸಿಕೊಂಡ. ಜಾಗ ಎಂದರೆ ಹಾಲಪ್ಪನ ಹಳೆಯ ಮಗ್ಗದ ಕೋಣೆ. ಮಣ್ಣಿನ ಗೋಡೆ, ಒಂದೇ ಕಿಟಕಿ. ಒಳಗೆ ಚಪ್ಪಾಳೆ ತಟ್ಟಿದರೆ ನಾಲ್ಕು ಕಡೆಯಿಂದ ವಾಪಸು ಬರುತ್ತಿತ್ತು. ಪೇಟೆಯ ಸ್ಟುಡಿಯೊಗಳಲ್ಲಿ ಗೋಡೆಗೆ ಸ್ಪಂಜು ಅಂಟಿಸುತ್ತಾರೆ ಎಂದೆ. ಹಾಲಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು, “ಸ್ಪಂಜು ಯಾಕ್ರೀ? ಕಂಬಳಿ ಕಟ್ರಿ. ಗುಡುಗೂ ಒಳಗ ಬರಂಗಿಲ್ಲ,” ಎಂದ.

ಹಟ್ಟಿಯ ಮನೆಮನೆಯಿಂದ ಕಂಬಳಿ ಬಂದವು. ಹೊಸದನ್ನು ಯಾರೂ ಕೊಡಲಿಲ್ಲ, ಹಳೆಯದನ್ನು ಯಾರೂ ಇಲ್ಲವೆನ್ನಲಿಲ್ಲ. ಗೋಡೆಗೆ ಎರಡು ಪದರ, ಸೂರಿಗೆ ಒಂದು ಪದರ, ಬಾಗಿಲ ಹಿಂದೆ ಹಾಲಪ್ಪ ತಾನೇ ನೇಯ್ದ ದಪ್ಪದ ಕರಿ ಕಂಬಳಿ. ಈಗ ಚಪ್ಪಾಳೆ ತಟ್ಟಿದರೆ ಕೈಯಲ್ಲೇ ಸಾಯುತ್ತಿತ್ತು. ಒಳ್ಳೊಳ್ಳೆಯ ಸಭಾಭವನಗಳಲ್ಲಿ ಹಾರ್ನ್ ಕಟ್ಟಿದ್ದೇನೆ, ಅಂಥ ನಿಶ್ಶಬ್ದವನ್ನು ಎಲ್ಲೂ ಕೇಳಿಲ್ಲ.

ಆ ಬೇಸಿಗೆಯಷ್ಟು ಬೆವರು ನಾನು ಜನ್ಮದಲ್ಲಿ ಸುರಿಸಿಲ್ಲ. ಫ್ಯಾನು ಹಾಕುವಂತಿಲ್ಲ, ಅದರ ಸದ್ದು ಮೈಕಿಗೆ ಬೀಳುತ್ತದೆ. ಕರೆಂಟು ಬಂದ ಹೊತ್ತಿಗೆ ವಾಲ್ವುಗಳನ್ನು ಕಾಯಿಸಿಕೊಂಡು ಬೀರೇಶ ನುಡಿಸುತ್ತಿದ್ದ, ನಾನು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದೆ. ಆರ್ಕೆಸ್ಟ್ರಾದಲ್ಲಿ ನಗುನಗುತ್ತ ನುಡಿಸುತ್ತಿದ್ದವನು ಅಲ್ಲಿ ಹಲ್ಲು ಕಚ್ಚಿಕೊಂಡು ನುಡಿಸುತ್ತಿದ್ದ. ಆ ಹಾಡುಗಳಲ್ಲಿ ಪ್ರೀತಿ ಪ್ರೇಮ ಏನೂ ಇರಲಿಲ್ಲ. ಕುರಿಗೆ ಬಂದ ರೋಗ, ಬೇಲಿ ಹಾಕಿಸಿಕೊಂಡ ಗೋಮಾಳ, ಕಿವಿಯಲ್ಲಿ ಹಗಲೂ ಇರುಳೂ ಕೂಗುವ ಜೀರುಂಡೆ. ಜೀರುಂಡೆ ಅವನ ಕಿವಿಯೊಳಗೇ ಇತ್ತು. ನನಗೆ ರಾಕ್ ಅರ್ಥವಾಗುತ್ತಿರಲಿಲ್ಲ. ಆ ಹಾಡುಗಳು ಅರ್ಥವಾದವು.

ಕೊನೆಯ ವಾರ ಹಾಲಪ್ಪ ಒಳಗೆ ಬಂದು ಮೈಕಿನ ಮುಂದೆ ನಿಂತ. ಅದನ್ನು ಒಂದು ಸುತ್ತು ನೋಡಿ, “ಇದರಾಗ ಕರದ್ರ ಕುರಿ ಬರ್ತಾವೇನ್ರೀ?” ಎಂದು ಕೇಳಿದ.

“ಕರೆದು ನೋಡಿ,” ಎಂದೆ.

ಹಾಲಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು ತನ್ನ ಕುರಿಗಳನ್ನು ಕರೆದ. ನಾಲಗೆ ಮಡಿಸಿ ಒಂದು ಉರುಳು ಸದ್ದು, ಹಿಂದೆಯೇ ಉದ್ದವಾಗಿ ಎಳೆದ “ಹೋ” ಎಂಬ ಕೂಗು. ವಾಲ್ವ್ ಆಂಪ್ಲಿಫೈಯರಿನಲ್ಲಿ ಅದು ಒರಟಾಗಿ, ಗಿಟಾರಿನದೇ ಅಣ್ಣನ ಹಾಗೆ ಬಂತು. ಕಂಬಳಿ ದಾಟಿ ಸದ್ದು ಹೊರಗೆ ಹೋಗಲಿಲ್ಲವಾದ್ದರಿಂದ ದೊಡ್ಡಿಯಲ್ಲಿದ್ದ ಒಂದು ಕುರಿಯೂ ಅಲುಗಲಿಲ್ಲ. “ಬರಲಿಲ್ಲ ನೋಡ್ರಿ, ಸುಳ್ಳು ಮಿಷಿನ್ನು,” ಎಂದು ಮುದುಕ ನಕ್ಕು ಹೋದ. ಬೀರೇಶ ಆ ಕೂಗನ್ನು ಮೊದಲ ಹಾಡಿನ ತಲೆಗೆ ಜೋಡಿಸಿದ. ಧ್ವನಿಗಳೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಇಳಿದವು. ಉಳಿದದ್ದು ಮಿಕ್ಸಿಂಗ್ ಒಂದೇ. ಇನ್ನೇನು, ಮಳೆ ಹಿಡಿಯುವುದರೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆವು.

ಮೃಗಶಿರ ಮಳೆ ಬೇಗನೇ ಹಿಡಿಯಿತು. ನೆನೆದುಬಂದ ಹಾಲಪ್ಪನಿಗೆ ಜ್ವರ ಬಂತು, ಜ್ವರ ಎದೆಗಿಳಿಯಿತು. ಆಸ್ಪತ್ರೆಯಿಂದ ಮನೆಗೆ ತಂದಾಗ, ಬೆಚ್ಚಗಿರುತ್ತದೆ ಎಂದು ಅವನ ಮಂಚವನ್ನು ಆ ಕೋಣೆಗೇ ಹಾಕಿದರು. ಗಿಟಾರುಗಳು ತಲೆಯ ಮೇಲಿನ ಗೂಟದಲ್ಲಿ, ಆಂಪ್ಲಿಫೈಯರ್ ಕಾಲ ಬುಡದಲ್ಲಿ, ನಡುವೆ ಹಾಲಪ್ಪ. ಒಂದು ದಿನ ಬೆಳಗಾಗುವಾಗ ಅಲ್ಲೇ ತೀರಿಕೊಂಡ. ನಾನು ಆ ದಿನ ಮದುವೆಯೊಂದರಲ್ಲಿ ಸಿಕ್ಕಿಕೊಂಡಿದ್ದೆ, ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ನಾನು ಕಂಡದ್ದು ಮುಳ್ಳು. ಮನೆಯ ಮುಂಬಾಗಿಲಿಗೆ ಬೀಗ, ಬೀಗದ ಮೇಲೆ ಅಡ್ಡಕ್ಕೆ ಕಟ್ಟಿದ ಜಾಲಿಮುಳ್ಳು. ಪಂಚಾಂಗ ನೋಡುವವರು ನಕ್ಷತ್ರ ಸರಿಯಿಲ್ಲ ಎಂದಿದ್ದರಂತೆ. ಧನಿಷ್ಠಾ ಪಂಚಕದಲ್ಲಿ ಸತ್ತರೆ ಮನೆ ಬಿಡಬೇಕು. ಹೆಣವನ್ನು ಬಾಗಿಲಲ್ಲಿ ತರುವಂತಿಲ್ಲವೆಂದು ಮಗ್ಗದ ಕೋಣೆಯ ಹಿಂಗೋಡೆ ಒಡೆದು ಹೊರಗೆ ತೆಗೆದು, ಮತ್ತೆ ಮಣ್ಣಿಟ್ಟಿಗೆಯಿಂದ ಮುಚ್ಚಿದ್ದರು. ಇನ್ನು ಆರು ತಿಂಗಳು ಒಳಗೆ ದೀಪ ಹಚ್ಚುವಂತಿಲ್ಲ, ಕಾಲಿಡುವಂತಿಲ್ಲ, ಒಂದು ಚಮಚವನ್ನೂ ತೆಗೆಯುವಂತಿಲ್ಲ. ಯಾವ ನಕ್ಷತ್ರಗಳ ಹೆಸರು ಹಿಡಿದು ಇವರು ಜೋಳ ಬಿತ್ತುತ್ತಾರೋ ಅವೇ ನಕ್ಷತ್ರಗಳು ಬಾಗಿಲು ಹಾಕಿದ್ದವು. ಗಂಗವ್ವ, ಬೀರೇಶ, ಕುರಿಗಳು ಎಲ್ಲ ದೊಡ್ಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದರು.

“ಸಾಮಾನು?” ಎಂದು ಕೇಳಿದೆ.

ಬೀಗ ಬೀಳುವ ಮುಂಚೆ ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಬಂಧುಗಳು ಕಾಳು, ಪಾತ್ರೆ, ಹಾಸಿಗೆ ಹೊರಗೆ ಹಾಕಿದ್ದರು. ಬೀರೇಶನ ಕೈಯಲ್ಲಿ ಬೆಂಕಿಯ ಮಡಕೆ ಇತ್ತು, ಅವನು ಯಾವುದನ್ನೂ ಮುಟ್ಟುವಂತಿರಲಿಲ್ಲ. ಭಾವ ನಿಂಗಪ್ಪ, ರತ್ನಳ ಗಂಡ, ಒಳ್ಳೆಯ ಮನುಷ್ಯ. ಬಾಮೈದನ ಜೀವ ಗಿಟಾರಿನಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಅಷ್ಟು ಗಡಿಬಿಡಿಯಲ್ಲೂ ಗಿಟಾರಿನ ಎರಡು ಕರೀ ಪೆಟ್ಟಿಗೆಗಳನ್ನು ಎದೆಗೆ ಅವಚಿಕೊಂಡು ಹೊರಗೆ ತಂದಿದ್ದ. ಒದ್ದೆಯಾಗದಿರಲಿ ಎಂದು ತನ್ನ ಹೆಗಲ ಟವೆಲನ್ನೇ ಹೊದಿಸಿದ್ದ.

“ನಿನ್ನ ಗಿಟಾರ್ ಅಷ್ಟು ತಂದೀನಿ ನೋಡಪ್ಪ. ಬ್ಯಾರೆ ಏನ್ ಹೋದ್ರ ಹೋಗ್ಲಿ,” ಎಂದನಂತೆ.

ಬೀರೇಶ ಪೆಟ್ಟಿಗೆ ಎತ್ತಿ ನೋಡಿದ. ಹಗುರಾಗಿತ್ತು. ಗಿಟಾರುಗಳು ಒಳಗೆ ಗೂಟದಲ್ಲಿ ನೇತಾಡುತ್ತಿದ್ದವು. ಆದರೂ ಭಾವನಿಗೆ ಅವನು ಏನೂ ಹೇಳಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ಶೆಡ್ಡಿನಲ್ಲಿ ಎತ್ತರದ ಜಾಗ ನೋಡಿ ಇಟ್ಟ. ನಿಂಗಪ್ಪ ಬಂದಾಗಲೆಲ್ಲ ಅವನ್ನು ನೋಡಿ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದ.

ನನಗೆ ಸಿಟ್ಟು ನೆತ್ತಿಗೇರಿತ್ತು. ಮನೆಯೊಳಗೆ ಕಂಪ್ಯೂಟರು, ಹಾರ್ಡ್ ಡಿಸ್ಕು, ನಮ್ಮಪ್ಪನ ಪೆಟ್ಟಿಗೆ. ಹೊರಗೆ ದಿನಕ್ಕಿಷ್ಟು ಆರುತ್ತಿರುವ ಒಂದು ಕಿವಿ. ನಾನು ಗಂಗವ್ವನ ಹತ್ತಿರವೇ ಹೋದೆ. ಆಕೆ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ಒಂದು ಗಳಿಗೆ, ಹಾರ್ಡ್ ಡಿಸ್ಕಿನ ಡಬ್ಬಿ ಒಂದನ್ನು ತೆಗೆದು ಮತ್ತೆ ಬೀಗ ಹಾಕುತ್ತೇನೆ ಎಂದು ಕೇಳಿಕೊಂಡೆ.

“ಬಾಗ್ಲು ತೆಗದ್ರ ಇನ್ನೊಂದು ಹೆಣ ಬೀಳ್ತೈತಿ ಅಂತಾರ್ರೀ. ನಂಗೇನಾರ ಆಗ್ಲಿ, ನಾ ಹ್ಞೂಂ ಅಂತಿದ್ದೆ. ರತ್ನ ಬಸುರಿ ಅದಾಳ. ಆಕಿ ಹೊಟ್ಟಿಗೆ ಬಂದ್ರ ಏನ್ ಮಾಡ್ಲಿ? ನಿಮ್ಮ ಮನ್ಯಾಗ ಆಗಿದ್ರ ನೀವು ತೆಗೀತಿದ್ರೇನು?”

ನಾನು ತೆಗೆಯುತ್ತಿದ್ದೆ. ಆದರೆ ಆಕೆಯ ಮುಖ ನೋಡಿ, ಬಂದ ದಾರಿಗೇ ಗಾಡಿ ತಿರುಗಿಸಿದೆ.

ಆರಿದ್ರ ಹೋಯಿತು, ಪುನರ್ವಸು ಹೋಯಿತು. ಆ ವರ್ಷ ಮಳೆ ಬಿಡುವೇ ಕೊಡಲಿಲ್ಲ. ಸೊರಬದಲ್ಲಿ ಅಂಗಡಿಯ ಬಾಗಿಲು ಹಾಕಿದರೂ ವೈರುಗಳ ಮೇಲೆ ಬೂಷ್ಟು ಬರುತ್ತಿತ್ತು. ರಾಶಿ ಕಂಬಳಿ ತುಂಬಿದ, ಗಾಳಿಯಾಡದ ಆ ಕೋಣೆಯಲ್ಲಿ ಏನಾಗುತ್ತಿರಬಹುದು ಎಂದು ನೆನೆದರೆ ಅನ್ನ ಸೇರುತ್ತಿರಲಿಲ್ಲ. ಉಣ್ಣೆ ನೀರು ಹಿಡಿಯುತ್ತದೆ, ಗಂಜಿಗೆ ಹುಳ ಬರುತ್ತದೆ. ಸದ್ದು ಹೊರಹೋಗದಂತೆ ಕಟ್ಟಿದ್ದೇ ಈಗ ಥಂಡಿ ಹೊರಹೋಗದಂತೆ ತಡೆದಿತ್ತು.

ಆಶ್ಲೇಷ ಮಳೆಯಲ್ಲಿ ರತ್ನ ಹೆತ್ತಳು. ಹೆಣ್ಣುಕೂಸು, ಸುಖವಾಗಿ ಆಯಿತು. ಸುದ್ದಿ ಕೇಳಿದ ಮಧ್ಯಾಹ್ನವೇ ಗಾಡಿಯಲ್ಲಿ ಹಾರೆ ಹಾಕಿಕೊಂಡು ಹೊರಟೆ. ಶಿರಾಳಕೊಪ್ಪ ದಾಟಿ ಹಟ್ಟಿ ಮುಟ್ಟಿ, ಯಾರಿಗೂ ಹೇಳದೆ ಮನೆಯ ಹಿಂದೆ ಹೋದೆ. ಹೆಣ ತೆಗೆದ ಜಾಗ ಗೋಡೆಯಲ್ಲಿ ಬೇರೆಯೇ ಬಣ್ಣಕ್ಕಿತ್ತು. ಹಸಿ ಮಣ್ಣು, ನಾಲ್ಕು ಏಟಿನ ಕೆಲಸ. ಹಾರೆ ಎತ್ತಿದಾಗ ಯಾರೋ ಹಿಂದಿನಿಂದ ಹಿಡಿದರು. ಬೀರೇಶ.

“ಈಗೆಂತ ಅಡ್ಡಿ? ಹೆರಿಗೆ ಆಯ್ತಲ್ಲ!” ಎಂದು ಕೂಗಿದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

“ಅವ್ವ ಅಂತಾಳ, ಆವಾಗ ಒಂದು ಜೀವ ಇತ್ತು, ಈಗ ಎರಡು.”

“ನೀನು ನಂಬ್ತೀಯನಾ ಇದನ್ನೆಲ್ಲ?”

“ನಾ ನಂಬಲ್ಲ ಅಣ್ಣ. ಒಡಿ ಅಂದ್ರ ಈಗ ಒಡೀತೀನಿ. ಆಮ್ಯಾಲ ಆ ಕೂಸು ಒಂದು ಸಲ ಕೆಮ್ಮಿದ್ರೂ ನಮ್ಮವ್ವ ನನ್ನ ಮುಖ ನೋಡ್ತಾಳ. ಆ ಮುಖ ನಾ ಹೆಂಗ ನೋಡ್ಲಿ?”

ಆಮೇಲೆ ಅವನು ಹಾರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಗಾಡಿಯಲ್ಲಿಟ್ಟ. ಶೆಡ್ಡಿನಲ್ಲಿ ಗಂಗವ್ವ ಚಹಾ ಕೊಟ್ಟಳು. ಹಾರೆ ನೋಡಿದ್ದಳೋ ಇಲ್ಲವೋ, ಗೊತ್ತಿಲ್ಲ.

ಉತ್ತರೆ ಮಳೆಯ ಹೊತ್ತಿಗೆ ನನ್ನ ಅಂಗಡಿಯಲ್ಲಿ ರಿಪೇರಿಗೆ ಬಿದ್ದಿದ್ದ ಅವನ ಹಳೆಯ ಮರದ ಗಿಟಾರನ್ನು ಕೊಂಡೊಯ್ದು ಕೊಟ್ಟೆ. ಕರೆಂಟು ಬೇಡದ್ದು, ಆರ್ಕೆಸ್ಟ್ರಾಕ್ಕೆ ಸೇರುವ ಮುಂಚಿನದು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಹುಲ್ಲಿನ ಪೆಂಡಿಯ ಮೇಲೆ ಕೂತು ತಂತಿ ಬಿಗಿದು ನುಡಿಸತೊಡಗಿದ. ಆಲ್ಬಮ್ಮಿನ ಜೀರುಂಡೆ ಹಾಡು. ಬೆರಳು ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಆದರೆ ಒಂದು ತಂತಿ ಶ್ರುತಿ ಬಿಟ್ಟಿತ್ತು. ಮೈಕ್‌ಸೆಟ್ಟಿನವನಾದ ನನ್ನ ಹಲ್ಲು ಜುಂ ಎನ್ನುವಷ್ಟು ಬಿಟ್ಟಿತ್ತು. ಅವನು ಕಣ್ಣು ಮುಚ್ಚಿಕೊಂಡು ಪೂರ್ತಿ ಹಾಡು ಮುಗಿಸಿದ.

“ಹೆಂಗಿತ್ತು?”

ನಾನು ಅವನ ಒಳ್ಳೆಯ ಕಿವಿಯ ಹತ್ತಿರ ಬಾಗಿ, “ಮೂರನೇ ತಂತಿ ಶ್ರುತಿ ಬಿಟ್ಟಿದೆ ಕಣೋ,” ಎಂದೆ.

ಬೀರೇಶ ತಂತಿಯನ್ನು ಮೀಟಿದ. ಮತ್ತೆ ಮೀಟಿದ. ಗಿಟಾರಿನ ಮೈಗೆ ದವಡೆ ಒತ್ತಿ ಇನ್ನೊಮ್ಮೆ ಮೀಟಿದ. ತಲೆ ಎತ್ತಿ ನನ್ನನ್ನು ಕೇಳಿದ:

“ಮ್ಯಾಲಕ್ಕೋ, ಕೆಳಕ್ಕೋ?”

ನಾನು ಬೆರಳು ಕೆಳಗೆ ಮಾಡಿ ತೋರಿಸಿದೆ. ಅವನು ಅದನ್ನು ಸರಿಮಾಡಲು ಹೋಗಲಿಲ್ಲ. ಗಿಟಾರನ್ನು ನಿಂಗಪ್ಪ ತಂದ ಖಾಲಿ ಪೆಟ್ಟಿಗೆಗಳ ಪಕ್ಕ ಇಟ್ಟು, ಕುರಿಗೆ ಸೊಪ್ಪು ತರಬೇಕೆಂದು ಎದ್ದು ಹೋದ. ಆವತ್ತು ಸೊರಬಕ್ಕೆ ಗಾಡಿ ಓಡಿಸಿಕೊಂಡು ಬರುವಾಗ ನಾನು ಅತ್ತೆ. ನನ್ನ ವಯಸ್ಸಿನ ಗಂಡಸು ಸ್ಟೇರಿಂಗ್ ಹಿಡಿದು ಅಳುವುದು ಚೆಂದವಲ್ಲ, ಆದರೂ ಅತ್ತೆ.

ಆಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮಿಷಿನ್ ಹಾಕಿಸಿದೆವು. ಹತ್ತಿರ ನಿಂತು ಆಡಿದ ಮಾತು ಒಂದಿಷ್ಟು ಹತ್ತುತ್ತಿತ್ತು. ಗಿಟಾರ್ ಮಾತ್ರ ತಗಡು ಎಳೆದ ಹಾಗೆ ಕೇಳುತ್ತದೆ ಎಂದ. ಕೆಲವೇ ದಿನಗಳಲ್ಲಿ ಮಾತೂ ಹತ್ತದಾಯಿತು. ಮಿಷಿನ್ ಬಿಚ್ಚಿಟ್ಟ.

ಮನೆ ತೆಗೆದದ್ದು ಮಾರ್ಗಶಿರದ ಚಳಿಯಲ್ಲಿ. ಶಾಂತಿ ಮಾಡಿಸಿದರು, ಮುಳ್ಳು ಕಿತ್ತರು, ಮೊದಲು ಹಸುವನ್ನು ಒಳಗೆ ನುಗ್ಗಿಸಿದರು. ಹಸುವಿನ ಹಿಂದೆ ಗಂಗವ್ವ, ಆಮೇಲೆ ನಾವು. ಮಗ್ಗದ ಕೋಣೆಯ ಬಾಗಿಲು ತಳ್ಳಿದಾಗ ಬಂದದ್ದೇ ಒದ್ದೆ ಉಣ್ಣೆ, ಗಂಜಿಯ ಆ ವಾಸನೆ. ಕಂಬಳಿಗಳು ತಮ್ಮ ಭಾರಕ್ಕೆ ತಾವೇ ಹರಿದು ನೆಲಕ್ಕೆ ಬಿದ್ದಿದ್ದವು. ಹಾಲಪ್ಪ ನೇಯ್ದ ಕರಿ ಕಂಬಳಿಯ ಮೇಲೆ ಬೆಳ್ಳಗೆ ಬೂಷ್ಟು. ಕಪ್ಪು ಗಿಟಾರಿನ ಕುತ್ತಿಗೆ ಬಿಲ್ಲಾಗಿತ್ತು, ತಂತಿಗಳು ಮುಟ್ಟಿದರೆ ಪುಡಿಯಾದವು. ಕುಂಕುಮ ಇದ್ದ ಜಾಗದಲ್ಲಿ ಬಣ್ಣ ಎದ್ದಿತ್ತು. ಬೇಸ್ ಗಿಟಾರಿಗೆ ಗೆದ್ದಲು ಹತ್ತಿತ್ತು. ಕಂಪ್ಯೂಟರಿನಲ್ಲಿ ಇಲಿ ಮರಿ ಹಾಕಿತ್ತು. ನಮ್ಮಪ್ಪನ ಪೆಟ್ಟಿಗೆಯನ್ನು ಓರೆ ಮಾಡಿದರೆ ಕೆಂಪು ನೀರು ಸುರಿಯಿತು. ಆ ಪೆಟ್ಟಿಗೆ ಮತ್ತೆ ಮಾತಾಡಲಿಲ್ಲ.

ಹಾರ್ಡ್ ಡಿಸ್ಕ್ ಮಾತ್ರ ಉಳಿದಿತ್ತು. ಬೇಸಿಗೆಯಲ್ಲೇ ಬೀರೇಶ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಅಕ್ಕಿಯ ನಡುವೆ ಹುಗಿದಿದ್ದ. ಅಕ್ಕಿ ಮುಗ್ಗಿತ್ತು, ಡಿಸ್ಕ್ ಓಡಿತು. ನನ್ನ ಲ್ಯಾಪ್‌ಟಾಪಿನಲ್ಲಿ ಹಾಡುಗಳ ಹೆಸರು ಒಂದೊಂದಾಗಿ ಬಂದಾಗ ಅವನು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟ. ಆಲ್ಬಮ್ ಹೊರಬಂದದ್ದು ಅದರಿಂದಲೇ. ಹದ ಮಾಡಿದ್ದು ನಾನು, ನನಗೆ ತಿಳಿದಷ್ಟು. ಅವನ ಕಿವಿಯಲ್ಲಿ ಅದು ಹೇಗಿತ್ತೆಂದು ಈ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಆ ದಿನ ಅವನು ಆಸೆ ಬಿಟ್ಟಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಬೇಡವೆಂದು ಕಿತ್ತಿಟ್ಟ. “ಹಾರ್ನ್ ಕಟ್ಟಣ್ಣ,” ಎಂದ. “ಸಭೆಗೆ ಕಟ್ಟೋ ದೊಡ್ಡ ಹಾರ್ನ್. ಅಷ್ಟು ಜೋರಾದ್ರ ಬರಬಹುದು.” ನಾನು ಗಾಡಿಯಿಂದ ಹಾರ್ನ್ ಇಳಿಸಿ ಅಂಗಳದ ಬೇವಿನ ಮರಕ್ಕೆ ಕಟ್ಟಿದೆ. ಬೀರೇಶ ಅದರ ಬಾಯಿಗೆ ಎದುರಾಗಿ, ಒಂದು ಕೈ ಕಿವಿಗೆ ಕೊಟ್ಟು ನಿಂತುಕೊಂಡ. ಮೊದಲ ಹಾಡು ಹಾಕಿ, ಪೂರ್ತಿ ಏರಿಸಿದೆ.

ಹಾಲಪ್ಪ ಕೆಮ್ಮಿದ. ಆಮೇಲೆ ಕರೆದ. ಆ ಉರುಳು ಸದ್ದು, ಆ ಉದ್ದನೆಯ “ಹೋ”, ಹಟ್ಟಿ ದಾಟಿ ಹೊಲಗಳ ಮೇಲೆ ಹೋಯಿತು. ಗಂಗವ್ವ ಬಾಗಿಲಲ್ಲಿ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದವಳು ಹಾಗೇ ಕೂತುಬಿಟ್ಟಳು. ಬೀರೇಶ ಅಲುಗಲಿಲ್ಲ. ಹಾರ್ನಿನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದ.

ದೊಡ್ಡಿಯ ಆಚೆ ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು. ಮೊದಲು ಒಂದು, ಆಮೇಲೆ ಎಲ್ಲವೂ ಒಟ್ಟಿಗೆ ಅಂಗಳದ ಕಡೆ ಓಡಿಬಂದು, ಬೀರೇಶನ ಕಾಲಿನ ನಡುವೆ ನುಗ್ಗಿ, ಬೇವಿನ ಮರದ ಬುಡದಲ್ಲಿ ನಿಂತು ಮೇಲೆ ನೋಡಿದವು. ಅವನು ಕುರಿಗಳನ್ನು ನೋಡಿದ, ಅವ್ವನನ್ನು ನೋಡಿದ. ಕಿವಿಯ ಮೇಲಿನ ಕೈ ತೆಗೆದ.

“ಶುರು ಆತೇನಣ್ಣ?” ಎಂದು ನನ್ನನ್ನು ಕೇಳಿದ.